ಎಡಕ್ಕೆ ಸರ್ಕಾರ, ಬಲಕ್ಕೆ ಮಗಳು

ಆ ಮನೆಯಲ್ಲಿ ರಸ್ತೆಯ ಯೋಗಕ್ಷೇಮ ತಿಳಿಯಲು ಹೊರಗೆ ಹೋಗಿ ನೋಡಬೇಕಾಗಿರಲಿಲ್ಲ, ಊಟದ ತಟ್ಟೆ ನೋಡಿದರೆ ಸಾಕಿತ್ತು. ಅದು ಕೋಳಿ ಸಾಕಿ ಬದುಕುವ ಮನೆ. ಮಗ ದಿನಾ ಬೆಳಿಗ್ಗೆ ಮೂರು ಚಕ್ರದ ಗೂಡ್ಸ್ ಆಟೋದಲ್ಲಿ ಮೊಟ್ಟೆಯ ಟ್ರೇಗಳನ್ನು ಪೇರಿಸಿಕೊಂಡು ಪೇಟೆಗೆ ಹೋಗುತ್ತಿದ್ದ. ಊರಿನಿಂದ ಹೆದ್ದಾರಿಯ ತಿರುವಿನವರೆಗೆ ಎರಡು ಮೈಲಿ. ಆ ಎರಡು ಮೈಲಿಯಲ್ಲಿ ಬಿರುಕು ಬಿಟ್ಟ ಮೊಟ್ಟೆಗಳನ್ನು ಪೇಟೆಯ ಅಂಗಡಿಯವನು ಮುಲಾಜಿಲ್ಲದೆ ಆರಿಸಿ ಪಕ್ಕಕ್ಕಿಡುತ್ತಿದ್ದ. ಅವು ವಾಪಸು ಬಂದು ಮನೆಯವರ ಹೊಟ್ಟೆ ಸೇರುತ್ತಿದ್ದವು. ರಸ್ತೆ ಸುಮಾರಾಗಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಮೊಟ್ಟೆ ಬೇಯುತ್ತಿತ್ತು. ಈಗ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೊಟ್ಟೆ, ರಾತ್ರಿ ಮತ್ತೆ ಮೊಟ್ಟೆ.

“ಇವತ್ತೂ ಇದೇನಾ?” ಎಂದು ಮಗ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

“ರಸ್ತೆನೇ ಕೇಳು, ಬೇರೆ ಏನಾದ್ರೂ ಕೊಡುತ್ತೇನೋ,” ಎಂದಳು ತಾಯಿ.

ಅವಳನ್ನು ಊರೆಲ್ಲ ಕರೆಯುತ್ತಿದ್ದದ್ದು ಮೊಟ್ಟೆಯಕ್ಕ ಎಂದು. ಮಾತಿನಲ್ಲಿ ಚುರುಕು, ಕೆಲಸದಲ್ಲಿ ಇನ್ನೂ ಚುರುಕು. ಕೋಳಿಮನೆಯ ಕಸ ಗುಡಿಸುವುದು, ನೀರು ತುಂಬುವುದು, ಮೊಟ್ಟೆ ಆಯುವುದು ಎಲ್ಲ ಮುಗಿದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಆದರೆ ಕಳೆದ ಕೆಲವು ತಿಂಗಳಿಂದ ಅವಳು ನಡುನಡುವೆ ನಿಂತುಬಿಡುತ್ತಿದ್ದಳು. ಮಗಳು ಮದುವೆಗೆ ಮೊದಲು ಮಲಗುತ್ತಿದ್ದ ಆ ಸಣ್ಣ ಕೋಣೆಯ ಹೊಸ್ತಿಲಲ್ಲಿ ಪೊರಕೆ ಹಿಡಿದು ನಿಂತರೆ ಒಲೆಯ ಮೇಲಿನ ಅನ್ನ ಸೀದ ವಾಸನೆ ಬರುವವರೆಗೂ ಅಲ್ಲೇ.

ಮಗಳು ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮೇಲಿನ ಕಪಾಟಿನಿಂದ ಬಟ್ಟೆಯ ಗಂಟು ಇಳಿಸುವಾಗ ಏಣಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆಪರೇಷನ್ ಆಯಿತು. ತಿಂಗಳುಗಟ್ಟಲೆ ಅಂಗಾತ ಮಲಗಿದಳು. ಈಗ ಎದ್ದು ಓಡಾಡುತ್ತಾಳೆ, ನುಣ್ಣಗಿನ ರಸ್ತೆಯಾದರೆ ಕಾರಿನಲ್ಲಿ ಒಂದಷ್ಟು ದೂರ ಕೂರುತ್ತಾಳೆ. ಒಂದು ಜೋರಾದ ಕುಲುಕು ಬಿದ್ದರೆ ಮತ್ತೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಮೊಟ್ಟೆಯಕ್ಕ ಹೋಗಿ ನೋಡಿ ಬರುತ್ತಿದ್ದಳು, ನಿಜ. ಆದರೆ ಬೀಗರ ಮನೆ, ಇರುವುದೇ ಎರಡು ಕೋಣೆ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿದು, ಮಗಳ ತಲೆ ನೇವರಿಸಲೂ ಸಂಕೋಚಪಟ್ಟು, ಸಂಜೆಯ ಬಸ್ಸಿಗೆ ಹೊರಟು, ಹೆದ್ದಾರಿಯ ತಿರುವಿನಲ್ಲಿ ಇಳಿದು ನಡೆದು ಬರುವುದು. ಅದನ್ನು ನೋಡಿ ಬರುವುದು ಅನ್ನಬಹುದೇ ಹೊರತು ಜೊತೆಗಿರುವುದು ಅನ್ನಲಾಗುವುದಿಲ್ಲ.

ತಿಂಗಳ ಮೊದಲ ವಾರದಲ್ಲಿ ಮಗಳ ಫೋನು ಬಂತು. ಮೊಟ್ಟೆಯಕ್ಕ ಬುಟ್ಟಿಯನ್ನು ನೆಲಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಿವಿಗೊಟ್ಟಳು.

“ಅಮ್ಮಾ, ಇವರಿಗೆ ವರ್ಗ ಆಯ್ತು. ರೈಲಲ್ಲಿ ಎರಡು ರಾತ್ರಿ ದಾರಿಯಂತೆ. ತಿಂಗಳ ಕೊನೆಗೆ ಹೊರಡ್ಬೇಕು.”

“ಅಷ್ಟು ದೂರನಾ? ಎಷ್ಟು ವರ್ಷ?”

“ಮೂರು ಅಂತಾರೆ. ಹೆಚ್ಚೂ ಆಗ್ಬಹುದು.” ಮಗಳ ದನಿ ಸಣ್ಣಗಾಯಿತು. “ಹೋಗೋ ಮುಂಚೆ ಎರಡು ದಿನ ಮನೇಲಿ ಮಲಗ್ಬೇಕಮ್ಮಾ. ನನ್ನ ಕೋಣೇಲಿ. ಬೇರೇನೂ ಬೇಡ.”

“ಬಾ.”

“ರಸ್ತೆ?”

“ರಸ್ತೆ ನಾನು ನೋಡ್ಕೋತೀನಿ,” ಎಂದಳು ಮೊಟ್ಟೆಯಕ್ಕ, ಒಂದು ಬಕೆಟ್ ನೀರು ಕಾಯಿಸಿಡುತ್ತೇನೆ ಅನ್ನುವಷ್ಟು ಸಲೀಸಾಗಿ.

ಆ ಸಂಜೆ ಊಟಕ್ಕೆ ಕೂತಾಗ ಮೊಟ್ಟೆಯಕ್ಕನ ಮಾವ, ಗಂಡನ ತಂದೆ, ಎಂದೂ ಇಲ್ಲದ ಉತ್ಸಾಹದಲ್ಲಿದ್ದರು. ಅವರು ಬಸ್ ಡ್ರೈವರ್ ಆಗಿದ್ದವರು. ಈ ಊರಿಗೆ ಬರುತ್ತಿದ್ದ ಒಂದೇ ಒಂದು ಬಸ್ಸನ್ನು ಓಡಿಸಿದ್ದು ಅವರೇ. ರಸ್ತೆ ಕೆಟ್ಟು ಬಸ್ಸು ನಿಂತು ಎಷ್ಟೋ ವರ್ಷವಾಗಿತ್ತು. ನಿಂತ ದಿನದಿಂದಲೂ ಅವರು ಜಿಲ್ಲೆಯ ರಸ್ತೆ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದರು. ಊರಿನವರು ಅವರನ್ನು ಕಂಡರೆ ‘ಏನ್ ಡ್ರೈವರ್ ತಾತ, ಬಸ್ಸು ಎಲ್ಲಿಗೆ ಬಂತು?’ ಎಂದು ಕಾಲೆಳೆಯುತ್ತಿದ್ದರು.

“ಬರ್ತಿದಾನೆ!” ಎಂದರು ತಾತ, ತುತ್ತು ಬಾಯಲ್ಲಿಟ್ಟುಕೊಂಡೇ. “ಇಂಜಿನಿಯರ್. ಈ ತಿಂಗಳೊಳಗೆ ಬಂದು ಕಣ್ಣಾರೆ ನೋಡ್ತಾನಂತೆ. ಅವನು ನೋಡಿ ಬರೆದ್ರೆ ಡಾಂಬರು, ಡಾಂಬರು ಬಿದ್ರೆ ಬಸ್ಸು. ಅಲ್ಲೀವರೆಗೂ ಒಂದು ಗುಂಡೀನೂ ಯಾರೂ ಮುಟ್ಟಕೂಡ್ದು.”

ಮೊಟ್ಟೆಯಕ್ಕನ ಕೈಯ ಸೌಟು ಅಲ್ಲೇ ನಿಂತಿತು. “ಮುಟ್ಟದಿದ್ರೆ ಹೇಗೆ ಮಾವ? ನಿಮ್ಮ ಮೊಮ್ಮಗಳು ಬರ್ತಾಳೆ, ತಿಂಗಳ ಕೊನೇಲಿ. ಅಷ್ಟರೊಳಗೆ ಗುಂಡಿ ತುಂಬಿಸ್ಬೇಕು.”

“ತುಂಬಿಸ್ಬೇಕಾ? ಯಾರು?”

“ಯಾರಾದ್ರೂ. ನಾನು.”

“ನಿಂಗೇನು ತಲೆ ಕೆಟ್ಟಿದೆಯೇನಮ್ಮ? ಅದು ಸರ್ಕಾರದ ರಸ್ತೆ. ಬೆಂಕಿಪೆಟ್ಟಿಗೆ ಕೊಂಡ್ರೂ ತೆರಿಗೆ ಕಟ್ತೀವಿ, ಅದಕ್ಕೇ ಕಟ್ಟೋದು. ನಾವು ಒಂದು ಬುಟ್ಟಿ ಮಣ್ಣು ಸುರಿದ್ವೋ, ಅವತ್ತಿಂದ ಅದು ನಮ್ಮ ತಲೆಗೆ ಬಿತ್ತು. ಆಚೆ ಊರಿನೋರು ಏನ್ಮಾಡಿದ್ರು? ಶೋಕಿಗೆ ತಾವೇ ಜಲ್ಲಿ ಹಾಕಿಕೊಂಡ್ರು. ಇಂಜಿನಿಯರ್ ಬಂದ, ‘ರಸ್ತೆ ಚೆನ್ನಾಗಿದೆ’ ಅಂತ ಬರ್ಕೊಂಡು ಹೋದ. ಒಂದೇ ಮಳೆಗೆ ಜಲ್ಲಿ ಹೋಯ್ತು. ಈಗ ಜಲ್ಲಿನೂ ಇಲ್ಲ, ಡಾಂಬರೂ ಇಲ್ಲ.”

“ನಾವು ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡು ಬರೋಣ ಬಿಡು,” ಎಂದ ಮಗ. ಅಲ್ಲೇ ಅಕ್ಕನಿಗೆ ಫೋನು ಮಾಡಿ ಕೇಳಿಯೂ ಕೇಳಿದ. ಅವಳು ನಕ್ಕುಬಿಟ್ಟಳು. “ಎರಡು ಮೈಲಿ ಜೋತಾಡ್ಕೊಂಡು ಬಂದ್ರೆ ಕುಲುಕಾಟಕ್ಕಿಂತ ಕೆಟ್ಟದು ಕಣೋ. ನೀವೇನು ನನ್ನ ಮೆರವಣಿಗೆ ಮಾಡ್ತೀರೋ, ಸೊಂಟ ಮುರೀತೀರೋ?”

ಮೊಟ್ಟೆಯಕ್ಕನ ಗಂಡ ಇಷ್ಟಕ್ಕೂ ಮಾತಾಡಲಿಲ್ಲ. ಅಪ್ಪ ಹೇಳಿದಾಗ ಅಪ್ಪನ ಕಡೆ ತಲೆಯಾಡಿಸಿದ, ಹೆಂಡತಿ ಹೇಳಿದಾಗ ಹೆಂಡತಿಯ ಕಡೆ. ಹಾಗೆ ತಲೆಯಾಡಿಸಿಕೊಂಡೇ ಆ ಮನೆಯಲ್ಲಿ ಅವನು ಕೂದಲು ನರೆಸಿಕೊಂಡಿದ್ದ.

ಮಾರನೆಯ ದಿನ ದರ್ಜಿಯ ಅಂಗಡಿಯ ಜಗಲಿಯಲ್ಲಿ ಊರಿನ ನಾಲ್ಕು ಜನ ಸೇರಿದರು. ಸೇರಿಸಿದವಳು ಮೊಟ್ಟೆಯಕ್ಕನೇ. ರಸ್ತೆ ಕೆಡಿಸಿದ್ದು ಕಲ್ಲು ಕ್ವಾರಿಯ ಲಾರಿಗಳು, ಕ್ವಾರಿಯವನೇ ಸರಿ ಮಾಡಿಸಲಿ ಎಂದ ದರ್ಜಿ. ಕ್ವಾರಿಯ ಸಾಹುಕಾರ ಅಲ್ಲೇ ಕೂತಿದ್ದ. “ಲಾರಿಗೆ ರಸ್ತೆ ತೆರಿಗೆ ಕಟ್ಟೋನು ನಾನು. ನೀನು ನಡ್ಕೊಂಡು ಹೋಗೋನು, ಏನಪ್ಪ ಕಟ್ತೀಯ? ಕಾಲಿಗೆ ತೆರಿಗೆ ಇದೆಯಾ?” ಎಂದು ತಿರುಗಿಬಿದ್ದ. ಹಾಲಿನವನು ತನ್ನ ಮನೆ ಹೆದ್ದಾರಿಯ ಹತ್ತಿರವೇ ಇರುವುದರಿಂದ ತನ್ನ ಮನೆವರೆಗಿನ ರಸ್ತೆಗಷ್ಟೇ ದುಡ್ಡು ಕೊಡುತ್ತೇನೆ, ಒಂದು ಮಾರೂ ಆಚೆಗೆ ಕೊಡುವುದಿಲ್ಲ ಎಂದ. ಊರಿನ ಪಂಚಾಯಿತಿ ಆಫೀಸಿನವನು ಜಿಲ್ಲೆಯ ಕಡೆ ಕೈ ತೋರಿಸಿದ. ಜಿಲ್ಲೆಯವರು ಯಾರ ಕಡೆ ತೋರಿಸುತ್ತಾರೆ ಎನ್ನುವುದು ತಾತನಿಗೆ ಗೊತ್ತಿತ್ತು, ಅವರು ಹೇಳಲಿಲ್ಲ. ಚಹಾ ಮುಗಿಯಿತು, ಮಾತು ಮುಗಿಯಲಿಲ್ಲ.

ಎಲ್ಲರೂ ಎದ್ದ ಮೇಲೆ ಸಾಹುಕಾರ ಮೊಟ್ಟೆಯಕ್ಕನ ಹತ್ತಿರ ಬಂದು ದನಿ ತಗ್ಗಿಸಿದ. “ಮಗಳಿಗೋಸ್ಕರ ಅಂದ್ರಲ್ಲ ಅಕ್ಕ, ಇಲ್ಲ ಅನ್ನೋಕೆ ಬಾಯಿ ಬರಲ್ಲ. ನಿಮ್ಮ ಕೋಳಿಮನೆ ಹಿಂದೆ ಒಂದು ಲೋಡ್ ಜಲ್ಲಿ ಇಳಿಸ್ತೀನಿ. ಆದ್ರೆ ನಾನು ಕೊಟ್ಟೆ ಅಂತ ಮಾತ್ರ ಎಲ್ಲೂ ಬಾಯಿಬಿಡ್ಬೇಡಿ. ನಾಳೆ ಇಡೀ ರಸ್ತೆ ನನ್ನ ಕುತ್ತಿಗೆಗೆ ಕಟ್ತಾರೆ.” ಆ ರಸ್ತೆಯನ್ನು ತನ್ನದು ಎಂದು ಹೇಳಿಕೊಳ್ಳಲು ಇಡೀ ಊರಿನಲ್ಲಿ ಒಬ್ಬನಿಗೂ ಧೈರ್ಯವಿರಲಿಲ್ಲ.

ಜಲ್ಲಿ ಬಂದು ಬಿತ್ತು. ಮಧ್ಯಾಹ್ನದ ಊಟವಾಗಿ ಮಾವ ಒಂದು ಕೋಳಿನಿದ್ದೆ ಮಾಡುವ ಹೊತ್ತಿನಲ್ಲಿ ಮೊಟ್ಟೆಯಕ್ಕ ಬುಟ್ಟಿ, ಗುದ್ದಲಿ ಹಿಡಿದು ಹೊರಟಳು. ಮನೆಯ ಹತ್ತಿರದ ಗುಂಡಿಗಳಿಂದಲೇ ಶುರು. ತಳಕ್ಕೆ ಜಲ್ಲಿ, ಮೇಲೆ ಮಣ್ಣು, ಅದರ ಮೇಲೆ ಕಾಲಿಂದ ದಮ್ಮಸ್ಸು. ತುಳಿಯುತ್ತ ತುಳಿಯುತ್ತ ಮಗಳು ಬರುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಕೋಣೆಯ ಗೋಡೆಗೆ ಸುಣ್ಣ ಹೊಡೆಯಬೇಕು. ಹಾಸಿಗೆ ಬಿಸಿಲಿಗೆ ಹಾಕಬೇಕು. ಅವಳು ಮಲಗಿದ ಮೇಲೆ ಬಾಗಿಲ ಸಂದಿಯಿಂದ ಒಮ್ಮೆ ಇಣುಕಿ ನೋಡಬೇಕು, ಚಿಕ್ಕವಳಿದ್ದಾಗ ನೋಡುತ್ತಿದ್ದ ಹಾಗೆ.

ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಗುಂಡಿಗಳೂ ಮತ್ತೆ ಬಾಯಿ ತೆರೆದುಕೊಂಡಿದ್ದವು. ಜಲ್ಲಿಯೆಲ್ಲ ಅಚ್ಚುಕಟ್ಟಾಗಿ ರಸ್ತೆಯ ಪಕ್ಕದಲ್ಲಿ ರಾಶಿಯಾಗಿತ್ತು. ಮಾವ ಬಾವಿಕಟ್ಟೆಯ ಹತ್ತಿರ ಮಣ್ಣಾದ ಕೈ ತೊಳೆಯುತ್ತಿದ್ದರು.

ಅವಳು ಮಧ್ಯಾಹ್ನ ಹೋಗಿ ಮತ್ತೆ ತುಂಬಿದಳು. ಬೆಳಿಗ್ಗೆ ಅವರು ಮತ್ತೆ ತೆಗೆದರು. ಒಂದು ವಾರ ಇದೇ ನಡೆಯಿತು. ಅವರು ಚಹಾ ಕೇಳಿದರೆ ಅವಳು ಕೊಡುತ್ತಿದ್ದಳು, ಅವಳು ಬಡಿಸಿದರೆ ಅವರು ಉಣ್ಣುತ್ತಿದ್ದರು, ಗುಂಡಿಯ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಊರಿನವರಿಗೆ ಪುಕ್ಕಟೆ ತಮಾಷೆ. ‘ಹಗಲು ಸೊಸೆ ಪಾಳಿ, ಬೆಳಗು ಮಾವನ ಪಾಳಿ’ ಎಂದು ದರ್ಜಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಕೊನೆಗೆ ತಾತ ಒಂದು ಕುರ್ಚಿ ತಂದು ಎಲ್ಲಕ್ಕಿಂತ ದೊಡ್ಡ ಗುಂಡಿಯ ಪಕ್ಕದಲ್ಲಿ ಹಾಕಿಕೊಂಡು ಕೂತೇಬಿಟ್ಟರು, ಕೊಡೆ ಹಿಡಿದುಕೊಂಡು, ಮದುವೆಯಾಗದ ಮಗಳನ್ನು ಕಾಯುವವರ ಹಾಗೆ.

ಅವತ್ತು ಮೊಟ್ಟೆಯಕ್ಕನ ತಾಳ್ಮೆ ಹರಿಯಿತು. ಬುಟ್ಟಿಯನ್ನು ಅವರ ಕಾಲ ಬುಡದಲ್ಲೇ ಕುಕ್ಕಿದಳು.

“ಏಳಿ ಮಾವ.”

“ಏಳಲ್ಲ.”

“ನಿಮ್ಮ ಕೈಯಲ್ಲಿ ಆಡಿ ಬೆಳೆದ ಕೂಸು. ಸ್ಟೀರಿಂಗ್ ಮುಂದೆ ತೊಡೆ ಮೇಲೆ ಕೂರಿಸ್ಕೊಂಡು ಹಾರ್ನ್ ಒತ್ತಿಸ್ತಿದ್ರಿ. ಈಗ ಅವಳಿಗಿಂತ ಗುಂಡಿ ಹೆಚ್ಚಾಯ್ತಾ?”

“ಅವಳಿಗೋಸ್ಕರವೇ ಕೂತಿರೋದು!” ಮುದುಕರ ದನಿ ಒಡೆಯಿತು. “ನಿಂಗೆ ಎರಡು ದಿನ ಅವಳು ಬಂದ್ರೆ ಸಾಕು. ನಂಗೆ ಸಾಲ್ದು. ಬಸ್ಸು ಬಂದ್ರೆ ಅವಳು ಬೇಕೆಂದಾಗ ಬರ್ತಾಳೆ, ಬೇಕೆಂದಾಗ ಹೋಗ್ತಾಳೆ. ಯಾರ ಕಾರನ್ನೂ ಬೇಡ್ಬೇಕಿಲ್ಲ. ಈ ಊರಿನ ಯಾವ ಹೆಣ್ಣುಮಗಳೂ ಬೇಡ್ಬೇಕಿಲ್ಲ. ನಾನು ಸಾಯೋದರೊಳಗೆ ಆ ಬಸ್ಸು ತಿರುವಲ್ಲಿ ಹಾರ್ನ್ ಹೊಡೆದಿದ್ದು ಕೇಳ್ಬೇಕು ಕಣಮ್ಮ. ಅಷ್ಟೇ ನನ್ನ ಆಸೆ.”

“ನಂಗೆ ಆ ಎರಡು ದಿನವೇ ಆಸೆ,” ಎಂದಳು ಅವಳು. ಇಬ್ಬರ ಕಣ್ಣಲ್ಲೂ ನೀರಿತ್ತು. ಇಬ್ಬರೂ ಅದು ಧೂಳಿಗೆ ಬಂದದ್ದು ಎನ್ನುವಂತೆ ಒರೆಸಿಕೊಂಡರು.

ಆಗ ಮಾತಾಡಿದ್ದು ಗಂಡ. ಜನ್ಮಕ್ಕೊಂದು ಸಲ ಬಾಯಿ ತೆರೆದವನ ಮಾತು ಎಂದೋ ಏನೋ, ಎಲ್ಲರೂ ಕೇಳಿದರು. “ಅರ್ಧ ರಸ್ತೆ ಅಪ್ಪಂಗೆ ಬಿಡೋಣ, ಅರ್ಧ ನೀನು ತುಂಬು. ಎಡಗಡೆ ಗುಂಡಿ ಇಂಜಿನಿಯರ್ ನೋಡ್ಲಿ. ಬಲಗಡೆ ಹಿಡ್ಕೊಂಡು ಮಗಳು ಬರ್ಲಿ.”

ಕೇಳಲು ಎಷ್ಟು ನ್ಯಾಯವಾಗಿತ್ತೆಂದರೆ ಅದರಲ್ಲಿ ಹುಳುಕಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಊರಿಗೂ ಈ ಪಂಚಾಯಿತಿಕೆ ಹಿಡಿಸಿತು. ಅರ್ಧ ತುಂಬಿದರೆ ರಸ್ತೆ ಯಾರ ತಲೆಗೂ ಬೀಳುವುದಿಲ್ಲವಲ್ಲ! ದರ್ಜಿ ತನ್ನ ಅಂಗಡಿಯ ಮುಂದಿನ ಬಲಗಡೆಗೆ ಇಟ್ಟಿಗೆ ಚೂರು ಸುರಿದ. ಹಾಲಿನವನು ತನ್ನ ಮನೆವರೆಗಿನ ಬಲಗಡೆಯನ್ನು ತುಂಬಿಸಿ, ಸರಿಯಾಗಿ ತನ್ನ ಬೇಲಿ ಮುಗಿಯುವಲ್ಲಿ ನಿಲ್ಲಿಸಿದ. ಉಳಿದದ್ದನ್ನು ಮೊಟ್ಟೆಯಕ್ಕ, ಮಗ, ಗಂಡ ಮೂವರೂ ಸೇರಿ ಮಾಡಿದರು. ತಾತ ಕುರ್ಚಿಯಲ್ಲಿ ಕೂತೇ ಎಡಗಡೆಗೆ ಒಂದು ಹಿಡಿ ಮಣ್ಣೂ ಜಾರದಂತೆ ನೋಡಿಕೊಂಡರು. ಹತ್ತು ದಿನದ ದುಡಿಮೆಗೆ ಮೊಟ್ಟೆಯಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ರಾತ್ರಿ ತುತ್ತು ಕಲಸುವಾಗ ಉರಿಯುತ್ತಿತ್ತು. ಆದರೂ ಆ ದಿನಗಳಲ್ಲಿ ಅವಳು ಗುನುಗುನು ಹಾಡಿಕೊಳ್ಳುತ್ತಿದ್ದುದನ್ನು ಗಂಡ ಕೇಳಿಸಿಕೊಂಡಿದ್ದ.

ಕೋಣೆಗೆ ಸುಣ್ಣವೂ ಆಯಿತು. ಇನ್ನು ಉಳಿದದ್ದು ಪರೀಕ್ಷೆ. ಅದಕ್ಕೆ ಅವಳದೇ ಲೆಕ್ಕ. ಹೆದ್ದಾರಿಯ ತಿರುವಿನಿಂದ ಮನೆಯವರೆಗೆ, ಕೆಳಗೆ ಹುಲ್ಲು ಹಾಸದೆ, ಒಂದು ಟ್ರೇ ಮೊಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುವುದು. ಒಂದೂ ಒಡೆಯದಿದ್ದರೆ ಮಗಳು ಬರಬಹುದು.

ಮಗ ಆಟೋವನ್ನು ಆಮೆಯ ಹಾಗೆ ನಡೆಸಿದ. ಹೊರಟ ಸ್ವಲ್ಪ ಹೊತ್ತಿಗೇ ವಿಷಯ ತಿಳಿಯಿತು. ತುಂಬಿದ್ದು ಅರ್ಧ ರಸ್ತೆಯನ್ನೇ, ಆದರೆ ಗಾಡಿಯ ಅಗಲ ಅರ್ಧ ರಸ್ತೆಗಿಂತ ಒಂದು ಗೇಣು ಹೆಚ್ಚು. ಬಲಗಾಲಿ ಎತ್ತರದಲ್ಲಿ, ಎಡಗಾಲಿ ಗುಂಡಿಯಲ್ಲಿ. ಮೊದಲಾದರೆ ಗಾಡಿ ಮೇಲೆ ಕೆಳಗೆ ಕುಣಿಯುತ್ತಿತ್ತು, ಈಗ ಪಕ್ಕಕ್ಕೂ ವಾಲುತ್ತಿತ್ತು. ಹಾಲಿನವನ ಬೇಲಿ ಮುಗಿದಲ್ಲಿ ಒಂದು ಮೆಟ್ಟಿಲೇ ಆಗಿತ್ತು. ಅದನ್ನು ಇಳಿಯುವಾಗ ಮೊಟ್ಟೆಗಳೆಲ್ಲ ಒಂದು ಮಗ್ಗುಲಿಗೆ ಜಾರಿದವು. ಮನೆಯ ಮುಂದೆ ಇಳಿದಾಗ ಅವಳ ಸೀರೆ ಮಡಿಲಿನಿಂದ ಪಾದದವರೆಗೆ ಒದ್ದೆಯಾಗಿತ್ತು. ಹಳದಿ ಲೋಳೆ ಕೈಯಿಂದ ತೊಟ್ಟಿಕ್ಕುತ್ತಿತ್ತು.

ಗಂಡ ಓಡಿಬಂದು ನೋಡಿ, ತನ್ನ ಐಡಿಯಾದ ಗತಿ ಕಂಡು, ಒಂದು ಚೊಂಬು ನೀರು ತಂದುಕೊಟ್ಟ. ಮತ್ತೆ ಮೊದಲಿನ ಹಾಗೆ ಮೌನವಾದ.

“ಹೆದರ್ಬೇಡಮ್ಮಾ,” ಎಂದ ಮಗ. “ಊರೋರು ಈಗ ಕೈ ಹಚ್ಚಿದಾರೆ, ಹುರುಪಿನಲ್ಲಿದಾರೆ. ಎಡಗಡೆನೂ ತುಂಬಿಬಿಡೋಣ. ಮೂರ್ನಾಲ್ಕು ದಿನ ಸಾಕು. ಅಕ್ಕ ಬರೋದು ಶುಕ್ರವಾರ ತಾನೇ?”

“ಇಂಜಿನಿಯರ್ ಬರೋದು ಗುರುವಾರ,” ಎಂದರು ತಾತ ಜಗಲಿಯಿಂದ. ಆಫೀಸಿನಿಂದ ಆಗಷ್ಟೇ ಫೋನು ಬಂದಿತ್ತು.

ಗುರುವಾರ ಅವನು ನೋಡಿ ಹೋದ ಮೇಲೆ ಒಂದು ರಾತ್ರಿಯಲ್ಲಿ ಎರಡು ಮೈಲಿ ತುಂಬಿಸಲಾಗುವುದಿಲ್ಲ. ಮೊದಲೇ ತುಂಬಿಸಿದರೆ ಅವನಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ತಾತ ಎದ್ದು ಬಂದು ಸೊಸೆಯ ಎದುರು ನಿಂತರು. ಜಗಳದ ದನಿ ಅಲ್ಲ, ಸೋತ ದನಿ. “ನೋಡಮ್ಮ, ನಿನ್ನ ಕೈ ನೋಡಿದೀನಿ. ಇನ್ನು ಅಡ್ಡ ಬರಲ್ಲ. ತುಂಬಿಸೋದಾದ್ರೆ ತುಂಬಿಸು. ಒಂದೇ ಒಂದು ಕೇಳ್ತೀನಿ. ಅವಳು ಮತ್ತೆ ಬರೋದು ಯಾವಾಗ?”

“ಮೂರು ವರ್ಷ ಆದ್ಮೇಲೆ.”

“ಈ ಜಲ್ಲಿ ಅಲ್ಲೀವರೆಗೂ ಇರುತ್ತಾ?”

ಅವಳು ಒಳಗೆ ಹೋದಳು. ಸೀರೆ ಬದಲಿಸಿದಳು, ಕೋಳಿಗೆ ನೀರಿಟ್ಟಳು, ಅನ್ನಕ್ಕಿಟ್ಟಳು. ಮಗಳ ಕೋಣೆಯ ಹೊಸ್ತಿಲಲ್ಲಿ ನಿಂತಳು. ಹೊಸ ಸುಣ್ಣದ ವಾಸನೆ ಬರುತ್ತಿತ್ತು. ಎರಡು ದಿನ. ಈಗ ಬಿಟ್ಟರೆ ಆ ಎರಡು ದಿನ ಇನ್ನೆಂದೂ ಬರುವುದಿಲ್ಲ. ಬಸ್ಸು ಬಂದರೂ ಬರಬಹುದು, ಬರದೆಯೂ ಇರಬಹುದು. ಬರದ ಬಸ್ಸಿಗಾಗಿ ಬರುವ ಮಗಳನ್ನು ಬಿಡುವುದೇ? ಹಾಗೆಂದು ಮೂರು ವರ್ಷದ ನಂತರ, ಆ ಬೆನ್ನು ಹೊತ್ತುಕೊಂಡು ಅವಳು ಹೆದ್ದಾರಿಯ ತಿರುವಿಗೆ ಬಂದು ನಿಂತಾಗ, ಮತ್ತೆ ಇದೇ ಗುಂಡಿಗಳನ್ನು ತೋರಿಸಿ ‘ಇರು ಮಗಳೇ, ಜಲ್ಲಿ ತರ್ತೀನಿ’ ಅನ್ನುವುದೇ? ಆಗ ತನ್ನ ಕೈಯಲ್ಲಿ ಬುಟ್ಟಿ ಎತ್ತುವ ಕಸುವು ಇರುತ್ತದೆಯೇ? ಅನ್ನ ಸೀದುಹೋಯಿತು.

ಸಂಜೆಯೊಳಗೆ ಅವಳು ಫೋನು ಮಾಡಿದಳು.

“ಬರ್ಬೇಡ ಕಂದಾ.”

“ನಾನು ತಡ್ಕೋತೀನಮ್ಮಾ. ದಿಂಬು ಇಟ್ಕೊಂಡು, ಹಲ್ಲು ಕಚ್ಚಿ ಕೂರ್ತೀನಿ.”

“ಬೇಡ.”

“ನೀನೇ ಹೇಳಿದ್ದೆ, ರಸ್ತೆ ನಾನು ನೋಡ್ಕೋತೀನಿ ಅಂತ.”

“ಹೇಳಿದ್ದೆ,” ಎಂದಳು ಮೊಟ್ಟೆಯಕ್ಕ. “ಭಾನುವಾರ ಸಂಜೆ ರೈಲಿಗೆ ಸ್ಟೇಷನ್‌ಗೆ ಹೆದ್ದಾರಿ ಮೇಲೆ ತಾನೇ ಹೋಗೋದು? ಇಲ್ಲಿ ಎರಡು ದಿನ ಇರೋ ಬದಲು ಭಾನುವಾರ ಬೆಳಿಗ್ಗೆನೇ ಹೊರಟು ಬನ್ನಿ. ತಿರುವಲ್ಲಿ ನಿಲ್ಲಿ. ಮಧ್ಯಾಹ್ನ ಪೂರ್ತಿ ನಂಗೆ ಕೊಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.” ಹೇಳಿದ ಮೇಲೆ ಅದೇ ಮಾತು ಮತ್ತೆ ಬಾಯಿಗೆ ಬಂತಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಮಗಳು ಮೂಗೆಳೆದುಕೊಂಡು, ಆಗಲಿ ಎಂದಳು.

ಮರುದಿನ ಬೆಳಿಗ್ಗೆ ಮೊಟ್ಟೆಯಕ್ಕ ಗುದ್ದಲಿ ಹಿಡಿದು ಹೊರಟು, ಇಂಜಿನಿಯರ್ ಕಣ್ಣಿಗೆ ರಸ್ತೆ ಪೂರ್ತಿ ಗುಂಡಿಯಾಗಿಯೇ ಕಾಣಲಿ ಎಂದು, ಮನೆಯ ಮುಂದಿನ ಬಲಗಡೆಯ ಮೊದಲ ಗುಂಡಿಯಿಂದ ಜಲ್ಲಿ ಎಳೆದು ಹೊರಗೆ ಹಾಕತೊಡಗಿದಳು. ಹಾಕುವಾಗ ಇಲ್ಲದ ಭಾರ ತೆಗೆಯುವಾಗ ಇತ್ತು.

“ಬಿಡಮ್ಮ, ನಾನು ತೆಗೀತೀನಿ,” ಎಂದು ತಾತ ಹಿಂದೆಯೇ ಬಂದರು.

“ನಾನು ಹಾಕಿದ್ದು ಮಾವ. ನಾನೇ ತೆಗೀತೀನಿ.”

ತಾತ ಪಕ್ಕದಲ್ಲೇ ನಿಂತು ಅವಳ ತಲೆಯ ಮೇಲೆ ಕೊಡೆ ಹಿಡಿದರು. ಅವತ್ತು ಗುಂಡಿ ಗುಂಡಿಗೂ ಹಾಗೆಯೇ ಹಿಡಿದುಕೊಂಡು ಬಂದರು. ದರ್ಜಿ ನೋಡಿದ, ಆದರೆ ನಗಲಿಲ್ಲ.

ಗುರುವಾರ ಇಂಜಿನಿಯರ್ ಜೀಪಿನಲ್ಲಿ ಬಂದ. ಚಿಕ್ಕ ವಯಸ್ಸಿನವನು, ಸೊಂಟ ಹಿಡಿದುಕೊಂಡು ಇಳಿದ. ತಾತ ತಮ್ಮ ಹಳೆಯ ಡ್ರೈವರ್ ಅಂಗಿ ತೊಟ್ಟು, ಒಂದೊಂದು ಗುಂಡಿಯನ್ನೂ ತೋರಿಸಿದರು. ಅವನು ಕೋಲು ಇಳಿಸಿ ಆಳ ನೋಡಿದ, ಫೋಟೋ ಹಿಡಿದ, ತಲೆಯಾಡಿಸಿದ.

“ಎಂಥಾ ರಸ್ತೆ ಸ್ವಾಮಿ ಇದು! ಇಷ್ಟು ವರ್ಷ ಹೀಗೇ ಬಿಟ್ಕೊಂಡಿದ್ರಾ? ನೀವೇ ಒಂದಷ್ಟು ಮಣ್ಣಾದ್ರೂ ಹಾಕ್ಕೊಬಾರದಿತ್ತಾ?”

ತಾತ ಸೊಸೆಯ ಕಡೆ ತಿರುಗಿದರು.

“ಹಾಕಿದ್ದೆ,” ಎಂದಳು ಮೊಟ್ಟೆಯಕ್ಕ. “ನೀವು ಬರ್ತೀರಿ ಅಂತ ತೆಗೆದೆ.”

ತಮಾಷೆಯೆಂದುಕೊಂಡು ಇಂಜಿನಿಯರ್ ಜೋರಾಗಿ ನಕ್ಕ. ಈ ವರ್ಷದ ಹಣ ಮುಗಿದಿದೆ, ಬರೆದು ಕಳಿಸುತ್ತೇನೆ, ಬರುವ ವರ್ಷ ಆಗಬಹುದು, ನನ್ನ ಕೈಯಲ್ಲೇನೂ ಇಲ್ಲ ಎಂದ. ಚಹಾ ಕುಡಿದ. ಬೇಯಿಸಿದ ಮೊಟ್ಟೆ ಕೊಟ್ಟರೆ ಅದನ್ನೂ ತಿಂದ. ಜೀಪು ಕುಲುಕಾಡುತ್ತ ತಿರುವಿನ ಕಡೆ ಹೋಗುವುದನ್ನು ಇಬ್ಬರೂ ನೋಡುತ್ತ ನಿಂತರು. ಬರೀತಾನೆ, ಒಳ್ಳೇ ಹುಡುಗ, ಬರೀತಾನೆ ಎಂದು ತಾತ ತಮಗೇ ಹೇಳಿಕೊಂಡರು. ಮೊಟ್ಟೆಯಕ್ಕ ಅವನು ಚಹಾ ಕುಡಿದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮಗನ ಆಟೋದಲ್ಲಿ ಮೊಟ್ಟೆಯ ಟ್ರೇಗಳ ಬದಲು ಮಗಳ ಮಂಚ ಹೊರಟಿತು. ಹಾಸಿಗೆ, ದಿಂಬು, ಅವಳ ನೀಲಿ ಹೊದಿಕೆ, ನೀರಿನ ಹೂಜಿ, ಅನ್ನದ ಪಾತ್ರೆ. ದಾರಿಯಲ್ಲಿ ಮಂಚದ ಒಂದು ಕಾಲು ಕುಲುಕಾಟಕ್ಕೆ ಸಡಿಲವಾಯಿತು, ಗಂಡ ಹಗ್ಗ ಸುತ್ತಿ ಬಿಗಿಮಾಡಿದ. ಹೆದ್ದಾರಿಯ ತಿರುವಿನಲ್ಲಿ ಹಳೆಯ ಬಸ್ ತಂಗುದಾಣವಿತ್ತು. ಮೂರು ಗೋಡೆ, ಮೇಲೊಂದು ಸೂರು. ಮೊಟ್ಟೆಯಕ್ಕ ಅದನ್ನು ಗುಡಿಸಿ, ನೀರು ಚಿಮುಕಿಸಿ, ಮಂಚ ಹಾಕಿ ಹಾಸಿಗೆ ಬಿಡಿಸಿದಳು.

ಕಾರು ಬಂತು. ಅಳಿಯ ಬಾಗಿಲು ತೆಗೆದ. ಮಗಳು ಮೊದಲು ಕಾಲು, ಆಮೇಲೆ ಕೈ, ಆಮೇಲೆ ಮೈ ಎನ್ನುವ ಹಾಗೆ ನಿಧಾನವಾಗಿ ಇಳಿದಳು. ಮಂಚ ನೋಡಿದಳು. ನಗಬೇಕೋ ಅಳಬೇಕೋ ತಿಳಿಯದೆ ಅಮ್ಮನ ಹೆಗಲ ಮೇಲೆ ತಲೆಯಿಟ್ಟಳು.

“ಮನೆ ನನ್ನ ಹತ್ರನೇ ಬಂದಿದೆಯಲ್ಲಮ್ಮಾ.”

“ಊಟ ಮಾಡು, ಆರುತ್ತೆ,” ಎಂದಳು ಮೊಟ್ಟೆಯಕ್ಕ.

ಅವಳಿಗಿಷ್ಟವಾದದ್ದನ್ನೆಲ್ಲ ಮಾಡಿ ತಂದಿದ್ದಳು. ಮಗಳು ಪಾತ್ರೆಗಳ ಮುಚ್ಚಳ ತೆಗೆತೆಗೆದು ನೋಡಿ, “ಮೊಟ್ಟೆ ಎಲ್ಲಿ?” ಎಂದಳು. ಮಗ ಹಣೆ ಚಚ್ಚಿಕೊಂಡ. ಎಲ್ಲರೂ ನಕ್ಕರು. ಹೆದ್ದಾರಿಯಲ್ಲಿ ಹೋಗುವವರು ಈ ಸಂಸಾರವನ್ನು ತಿರುತಿರುಗಿ ನೋಡಿಕೊಂಡು ಹೋದರು.

ಊಟವಾದ ಮೇಲೆ ಅವಳು ಮಂಚದ ಮೇಲೆ ಒರಗಿ, ಆ ಎರಡು ಮೈಲಿಯ ಕಡೆ ನೋಡುತ್ತ, ಕೋಣೆಗೆ ಯಾವ ಬಣ್ಣ ಹೊಡೆಸಿದ್ದು, ಕಿಟಕಿಯ ಚಿಲಕ ಸರಿಯಾಯಿತೇ ಎಂದೆಲ್ಲ ಕೇಳಿದಳು. ಮೊಟ್ಟೆಯಕ್ಕ ಹೇಳುತ್ತ ಹೋದಳು, ತಲೆ ನೇವರಿಸುತ್ತ, ಯಾರ ಸಂಕೋಚವೂ ಇಲ್ಲದೆ. ಹೇಳುತ್ತಿದ್ದಂತೆ ಮಗಳಿಗೆ ನಿದ್ದೆ ಬಂತು. ತಾತ ರಸ್ತೆಯ ಅಂಚಿಗೆ ಹೋಗಿ ನಿಂತು, ಬರುವ ಲಾರಿಗಳಿಗೆಲ್ಲ ಕೈ ಅಡ್ಡ ಹಿಡಿದು, ಹಾರ್ನ್ ಹೊಡೆಯಬೇಡಿ ಎಂದು ಸನ್ನೆ ಮಾಡತೊಡಗಿದರು. ಕೆಲವರು ಬೈದರು. ಆದರೂ ಮೆಲ್ಲಗೆ ಹೋದರು.

ಹೊತ್ತು ಇಳಿಯಿತು. ಗೋಡೆಯಿಲ್ಲದ ಬದಿಯಿಂದ ಬಿಸಿಲು ಒಳಗೆ ಬಂದು, ಮೊದಲು ಮಂಚದ ಕಾಲು, ಆಮೇಲೆ ಹೊದಿಕೆ, ಕೊನೆಗೆ ಮಗಳ ಮುಖ ಮುಟ್ಟಿತು. ಅವಳು ಕಣ್ಣು ತೆರೆಯದೆಯೇ ಹುಬ್ಬು ಗಂಟಿಕ್ಕಿದಳು.

“ಅಮ್ಮಾ, ಬಾಗಿಲು ಹಾಕೇ,” ಎಂದಳು ನಿದ್ದೆಗಣ್ಣಲ್ಲಿ.

ಮೊಟ್ಟೆಯಕ್ಕ ಎದ್ದಳು. ಬಾಗಿಲಿರಬೇಕಾದ ಜಾಗಕ್ಕೆ ಹೋಗಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಬಿಸಿಲಿಗೆ ಅಡ್ಡ ನಿಂತಳು. ನೆರಳು ಮಗಳ ಮುಖದ ಮೇಲೆ ಬಿತ್ತು. ಹುಬ್ಬು ಸಡಿಲವಾಯಿತು.

ಅಳಿಯ ಗಡಿಯಾರ ನೋಡಿಕೊಂಡು ಹತ್ತಿರ ಬಂದ. “ಅತ್ತೇ, ಹೊತ್ತಾಯ್ತು. ರೈಲು ತಪ್ಪುತ್ತೆ.”

“ಶ್! ಸ್ವಲ್ಪ ಇರಿ,” ಎಂದಳು ಮೊಟ್ಟೆಯಕ್ಕ, ಕೈ ಇಳಿಸದೆ. “ಅವಳು ಈಗ ತಾನೇ ಮನೆಗೆ ಬಂದಿದಾಳೆ.”